ಮಿಂಕಾಳ ಗ್ಯಾರಂಟಿ

ಮಿಂಕಾ ತನ್ನ ಗಂಡನ ಎರಡು ಬೆರಳು ಮುರಿದದ್ದು ಅಡುಗೆಮನೆಯಲ್ಲಿ, ಒಲೆಯ ಮೇಲೆ ಬೀನ್ಸ್ ಕಾಳಿನ ಸಾರು ಕುದಿಯುತ್ತಿದ್ದ ಹೊತ್ತಿನಲ್ಲಿ. ಸೀಸದ ಗಣಿ ಮುಚ್ಚಿದ ಮೇಲೆ ಸ್ತ್ರಾಹಿಲ್‌ಗೆ ಕುಡಿಯುವುದು, ಹೊಡೆಯುವುದು ಎರಡೇ ಕೆಲಸ ಉಳಿದಿದ್ದವು. ಒಂಬತ್ತು ವರ್ಷ ಅವಳು ಏಟು ತಿಂದಳು. ಆ ಸಂಜೆ ಅವನು ಕೂದಲು ಹಿಡಿದು ಅವಳ ತಲೆಯನ್ನು ಗೋಡೆಗೆ ಬಡಿದಾಗ ಅವಳ ಕೈ ತಾನಾಗಿಯೇ ಮೇಲೆದ್ದು ಅವನ ಬೆರಳುಗಳನ್ನು ಹಿಡಿಯಿತು. ಮೋಟಾರು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ತಾಮ್ರದ ತಂತಿ ಎಳೆದು, ಬಿಗಿದು, ಸುತ್ತಿದ ಕೈ ಅದು. ಅದರಲ್ಲಿ ಎಷ್ಟು ಬಲ ಕೂತಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಒಣ ಕಡ್ಡಿ ಮುರಿದಂಥ ಸದ್ದು ಎರಡು ಸಲ ಕೇಳಿಸಿತು. ಸ್ತ್ರಾಹಿಲ್ ನೆಲದ ಮೇಲೆ ಕೂತು ಅತ್ತ. ಮರುವಾರ ಪ್ಲೊವ್ದಿವ್‌ನಲ್ಲಿದ್ದ ತಂಗಿಯ ಮನೆಗೆ ಹೋದವನು ತಿರುಗಿ ಬರಲಿಲ್ಲ.

ಮಾದನ್ ಪಟ್ಟಣದ ಜನ ಈ ಕಥೆಯನ್ನು ವರ್ಷಗಟ್ಟಲೆ ಬಾಯಿ ಚಪ್ಪರಿಸಿಕೊಂಡು ಹೇಳಿದರು. ಹೆಂಗಸರು ಅವಳಿಗೆ ಕಾಫಿ ಕುಡಿಸಿದರು. ಗಂಡಸರು ಅವಳು ಎದುರಿಗೆ ಬಂದರೆ ಅರ್ಧ ಹೆಜ್ಜೆ ಸರಿದು ನಿಂತರು.

ಕಾರ್ಖಾನೆಯೂ ಮುಚ್ಚಿತು. ಮಿಂಕಾ ಬಸ್ ನಿಲ್ದಾಣದ ಕೆಳಗೆ, ಬೇಕರಿಯ ಪಕ್ಕದಲ್ಲಿ ಒಂದು ಶೆಡ್ ಹಿಡಿದು ವಾಹನಗಳ ಸ್ಟಾರ್ಟರ್, ಆಲ್ಟರ್ನೇಟರ್ ರಿಪೇರಿ ಮಾಡತೊಡಗಿದಳು. ಊರ ವಾಹನಗಳೆಲ್ಲ ಜರ್ಮನಿಯಲ್ಲಿ ಮೂವರು ಯಜಮಾನರನ್ನು ಕಂಡು ಮುದಿಯಾದ ಮೇಲೆ ಈ ಬೆಟ್ಟ ಹತ್ತಿದಂಥವು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು ಜನ ಹಳೆಯ ರೂಢಿಯಲ್ಲಿ ಡೈನಮೋ ಎನ್ನುತ್ತಿದ್ದರು. ಸುಟ್ಟ ಡೈನಮೋ ತಂದುಕೊಟ್ಟರೆ ಮರುದಿನ ಹೊಸದರಂತೆ ತಿರುಗುತ್ತಿತ್ತು. ಬಾಗಿಲ ಗಾಜಿನ ಮೇಲೆ ಅವಳೇ ಕೆಂಪು ಬಣ್ಣದಲ್ಲಿ ಬರೆದಿದ್ದಳು: ಆರು ತಿಂಗಳು ಗ್ಯಾರಂಟಿ. ಕೆಟ್ಟರೆ ಹೊಣೆ ನನ್ನದು. ಹದಿನಾಲ್ಕು ವರ್ಷ ಆ ಮಾತಿಗೆ ತಪ್ಪಿರಲಿಲ್ಲ. ಆದರೆ ಅವಳ ಕೆಲಸದ ಮೇಲೆ ಯಾರಾದರೂ ಬೆರಳು ತೋರಿಸಿದರೆ ಮುಗಿಯಿತು. ತಾನು ಮುಚ್ಚಿದ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಿ ನೋಡಿ, "ತಂತಿ ಸಣ್ಣದು ಹಾಕಿದ್ದೀಯ" ಎಂದ ಒಬ್ಬ ಮೇಷ್ಟರಿಗೆ ಅವಳು ಇಕ್ಕಳ ಎಸೆದು ಕಿವಿ ಹರಿದಿದ್ದಳು.

ದೆಲ್ಚೊ ಎಂಬವನ ವ್ಯಾನು ಅಕ್ಟೋಬರ್‌ನಲ್ಲಿ ಮೊದಲ ಸಲ ಕೆಟ್ಟಿತು. ದೆಲ್ಚೊ ನಲವತ್ತರ ಆಸುಪಾಸಿನ ದಪ್ಪ ಕುತ್ತಿಗೆಯ ಮನುಷ್ಯ. ದಿನಾ ಹದಿನಾಲ್ಕು ಹೆಂಗಸರನ್ನು ರುದೊಜೆಮ್‌ನ ಬಟ್ಟೆ ಹೊಲಿಯುವ ಕಾರ್ಖಾನೆಗೆ ಕರೆದುಕೊಂಡು ಹೋಗಿ, ಪಾಳಿ ಮುಗಿದ ಮೇಲೆ ವಾಪಸು ತರುವುದು ಅವನ ಕೆಲಸ. ಅವನು ತಂದ ಆಲ್ಟರ್ನೇಟರನ್ನು ಬಿಚ್ಚಿದ ಮಿಂಕಾ ಒಳಗೆ ಬೆರಳು ಹಾಕಿ ಮೂಸಿದಳು.

"ಇದಕ್ಕೆ ಇಂಜಿನ್ ಎಣ್ಣೆ ಕುಡಿಸಿದ್ದೀಯಲ್ಲೋ. ಒಳಗಿನ ಕಾರ್ಬನ್ ಬ್ರಷ್ಷೆಲ್ಲ ನೆಂದು ಮುದ್ದೆಯಾಗಿದೆ. ಮೇಲಿಂದ ತೊಟ್ಟಿಕ್ತಾ ಇದೆ. ಮೊದಲು ಆ ಸೋರಿಕೆ ನಿಲ್ಸು."

"ಎಲ್ಲಿಂದ ತೊಟ್ಟಿಕ್ಕುತ್ತೆ ಅಕ್ಕ? ನಮ್ಮ ಭಾವ ಪೆತ್ಕೊ ಬೇಸಿಗೇಲಿ ತಾನೇ ಇಂಜಿನ್ ಮೇಲಿನ ಮುಚ್ಚಳ ಬಿಚ್ಚಿ, ಎಣ್ಣೆ ಸೋರದ ಹಾಗೆ ಹೊಸ ಗ್ಯಾಸ್ಕೆಟ್ ಹಾಕಿದ್ದು."

"ಭಾವ ಹಾಕಿದ್ನೋ, ಭಾವನ ಅಪ್ಪ ಹಾಕಿದ್ನೋ, ಎಣ್ಣೆ ಅಂತೂ ಬರ್ತಾ ಇದೆ."

ದೆಲ್ಚೊ ನಕ್ಕು ಹೋದ. ಡಿಸೆಂಬರ್‌ನಲ್ಲಿ ಅದೇ ಆಲ್ಟರ್ನೇಟರ್ ಮತ್ತೆ ಸತ್ತಿತು. ಈ ಸಲ ಅವನು ನಗಲಿಲ್ಲ. ಮಿಂಕಾ ಮತ್ತೆ ಎಣ್ಣೆ ತೋರಿಸಿದಳು. ಅವನು ಪೆತ್ಕೊನನ್ನು ಕೇಳಿ ಬಂದ. "ಅವಳಿಗೆ ಡಯೋಡ್ ಹಾಕೋಕೆ ಬರಲ್ಲ, ತಪ್ಪನ್ನ ಎಣ್ಣೆ ಮೇಲೆ ಹಾಕ್ತಾಳೆ" ಅಂದನಂತೆ ಪೆತ್ಕೊ. ಆ ಮಾತನ್ನು ದೆಲ್ಚೊ ಬೇಕರಿಯ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. ಅದು ಮಿಂಕಾಳ ಕಿವಿಗೂ ಬಿತ್ತು. ಆದರೂ ಗ್ಯಾರಂಟಿಯ ಮಾತಿತ್ತು, ಮಾಡಿಕೊಟ್ಟಳು.

ಜನವರಿಯಲ್ಲಿ ಮೂರನೆಯ ಸಲ ಕೆಟ್ಟಾಗ ದೆಲ್ಚೊ ಆಲ್ಟರ್ನೇಟರನ್ನು ಮೇಜಿನ ಮೇಲೆ ಇಡಲಿಲ್ಲ. ಬೀದಿಯಲ್ಲೇ ನಿಂತು, ಎರಡೂ ಕೈಯಲ್ಲಿ ಎತ್ತಿ, ಬಾಗಿಲ ಗಾಜಿಗೆ ಎಸೆದ. ಆರು ಕಿಲೋ ಕಬ್ಬಿಣ ಕೆಂಪು ಅಕ್ಷರಗಳನ್ನು ಪುಡಿಮಾಡಿಕೊಂಡು ಒಳಗೆ ಬಿದ್ದು ಅವಳ ಕಾಲ ಬಳಿ ಉರುಳಿತು. ಅವನ ಹಿಂದೆ ವ್ಯಾನಿನ ಹೆಂಗಸರು ಚಳಿಯಲ್ಲಿ ನಡುಗುತ್ತ ನಿಂತಿದ್ದರು.

"ಮೂರನೇ ಸಲ! ಕೇಳಿಸ್ತಾ ಮುದುಕಿ? ಮೂರನೇ ಸಲ! ನಿಂಗೆ ಗಂಡನ ಬೆರಳು ಮುರಿಯೋದೊಂದು ಬಿಟ್ರೆ ಇನ್ನೇನು ಬರುತ್ತೆ? ಅವನು ಓಡಿಹೋಗಿದ್ದೇ ಸರಿ!"

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮಿಂಕಾಳ ಕೆನ್ನೆಯಲ್ಲಿ ಗಾಜಿನ ಚೂರು ಚುಚ್ಚಿ ರಕ್ತ ಇಳಿಯುತ್ತಿತ್ತು. ಮಾಮೂಲಿನಂತೆ ಅವಳು ಏನಾದರೂ ಎಸೆಯಬಹುದೆಂದು ಎಲ್ಲರೂ ಕಾದರು. ಅವಳು ಎಸೆಯಲಿಲ್ಲ. ಆಲ್ಟರ್ನೇಟರನ್ನು ಎತ್ತಿಕೊಂಡು ಹೇಳಿದಳು: "ನಾಳೆ ಬೆಳಗ್ಗೆ ಬಂದು ತಗೊಂಡು ಹೋಗು."

ಅವತ್ತು ಅದನ್ನು ಬಿಚ್ಚಿದಾಗ ಎಣ್ಣೆ ಹಿಂದಿನ ಎರಡು ಸಲಕ್ಕಿಂತ ಹೆಚ್ಚು ಕೂತಿತ್ತು. ಹೀಗೇ ಹಾಕಿದರೆ ಎರಡು ವಾರವೂ ಬಾಳುವುದಿಲ್ಲ ಎಂದು ಅವಳ ಬೆರಳಿಗೆ ಗೊತ್ತಾಯಿತು. ಅವಳು ಎಣ್ಣೆ ಒರೆಸಿದಳು, ಡಯೋಡು ಬದಲಿಸಿದಳು, ಬ್ರಷ್ಷು ಹಾಕಿದಳು, ಮುಚ್ಚಿದಳು. ಬೆಳಗ್ಗೆ ದೆಲ್ಚೊ ಬಂದಾಗ ಎಣ್ಣೆಯ ಸುದ್ದಿ ಎತ್ತಲಿಲ್ಲ. ಸುಡಲಿ, ನಾಲ್ಕನೇ ಸಲ ಸುಡಲಿ, ಬೆಟ್ಟದ ಮೇಲೆ ಹಿಮದಲ್ಲಿ ನಿಂತುಕೊಂಡು ತಳ್ಳಲಿ, ಆಗ ಅವನಿಗೆ ಬುದ್ಧಿ ಬರುತ್ತೆ ಎಂದುಕೊಂಡಳು. ನಿಂತು ತಳ್ಳುವುದು, ಅದಕ್ಕಿಂತ ಆಚೆಗೆ ಅವಳ ಸಿಟ್ಟು ಯೋಚಿಸಲಿಲ್ಲ.

ಹನ್ನೊಂದು ದಿನ ಕಳೆಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಪಾಳಿ ಬಿಟ್ಟಾಗ ಹಿಮ ಅಡ್ಡಡ್ಡ ಬೀಸುತ್ತಿತ್ತು. ಹಳೆಯ ಡೀಸೆಲ್ ಇಂಜಿನ್ನಿಗೆ ಓಡಲು ಕರೆಂಟು ಬೇಕಿಲ್ಲ. ಆಲ್ಟರ್ನೇಟರ್ ಸುಟ್ಟು ಬ್ಯಾಟರಿ ಬರಿದಾದರೂ ಅದು ಓಡುತ್ತದೆ. ನಿಲ್ಲುವುದು ಉಳಿದದ್ದೆಲ್ಲ. ವಾಪಸು ಬರುವ ದಾರಿಯಲ್ಲಿ ಮೊದಲು ವ್ಯಾನಿನ ಬಿಸಿಗಾಳಿಯ ಫ್ಯಾನ್ ನಿಂತಿತು, ದೀಪ ಮಂಕಾಯಿತು, ಆಮೇಲೆ ವೈಪರ್ ಗಾಜಿನ ಅರ್ಧಕ್ಕೆ ಬಂದು ಅಲ್ಲೇ ಉಳಿಯಿತು. ಮೂರು ಸೆಕೆಂಡಿನಲ್ಲಿ ಗಾಜು ಬೆಳ್ಳಗಾಯಿತು. ದೆಲ್ಚೊ ತಲೆ ಕಿಟಕಿಯಿಂದ ಹೊರಗೆ ಹಾಕಿ ನಿಲ್ಲಿಸಲು ನೋಡಿದ. ತಿರುವು ಮೊದಲೇ ಬಂತು. ವ್ಯಾನು ಹೊಳೆಯ ಕಡೆಗೆ ಬೀಳದೆ ಬಂಡೆಯ ಕಡೆಗೆ ಹೋಗಿ ಬಡಿದು, ಪಕ್ಕಕ್ಕೆ ಮಗುಚಿ, ರಸ್ತೆಯ ಮೇಲೆ ಇಪ್ಪತ್ತು ಮಾರು ಜಾರಿತು.

ಯಾರೂ ಸಾಯಲಿಲ್ಲ. ಒಬ್ಬಳ ದವಡೆ ಮುರಿಯಿತು, ಇಬ್ಬರ ಪಕ್ಕೆಲುಬು. ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿದ್ದ ಸೆವ್ದಾ ಆಸರೆಗೆ ಚಾಚಿದ ಬಲಗೈ ಮಾತ್ರ ಒಡೆದ ಗಾಜಿನಿಂದ ಹೊರಗೆ ಬಿದ್ದು ವ್ಯಾನಿಗೂ ರಸ್ತೆಗೂ ನಡುವೆ ಸಿಕ್ಕಿತು. ಸೆವ್ದಾ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಅಷ್ಟು ಬೇಗ ಇನ್ಯಾರೂ ಹೊಲಿಯುತ್ತಿರಲಿಲ್ಲ. ಸ್ಮೊಲ್ಯಾನ್ ಆಸ್ಪತ್ರೆಯಲ್ಲಿ ಅವಳ ಮೂರು ಬೆರಳು ತೆಗೆದರು.

ಮರುದಿನ ಊಟದ ಹೊತ್ತಿಗೆ ದೆಲ್ಚೊ ಮಿಂಕಾಳ ಶೆಡ್ಡಿಗೆ ಬಂದ. ಹಣೆಗೆ ಹೊಲಿಗೆ ಹಾಕಿತ್ತು. ಕೈಯಲ್ಲಿ ಚಕ್ರ ಬಿಚ್ಚುವ ಉದ್ದನೆಯ ಸ್ಪ್ಯಾನರ್ ಇತ್ತು. ಅವಳು ಕಾಯಿಲ್ ಸುತ್ತುತ್ತ ಕೂತಿದ್ದಳು. ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ಬೆಳಗ್ಗಿನಿಂದ ಒಂದೇ ಕಾಯಿಲನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಸೆವ್ದಾ ಕೈ ಹೋಯ್ತು" ಎಂದ ದೆಲ್ಚೊ. ಅವನ ದನಿ ಬಹಳ ಸಣ್ಣದಾಗಿತ್ತು. "ಎರಡು ಮಕ್ಕಳು ಅವಳಿಗೆ. ಯಾವ ಕೈಯಲ್ಲಿ ಸುತ್ತೋದು ನೀನು? ಇದಾ?"

ಅವಳು ಏಳುವಷ್ಟರಲ್ಲಿ ಅವನು ಅವಳ ಎಡಗೈ ಮಣಿಕಟ್ಟನ್ನು ಬೆಂಚಿಗೆ ಅದುಮಿ ಸ್ಪ್ಯಾನರ್ ಬೀಸಿದ. ಮೊದಲ ಏಟಿಗೆ ಅವಳಿಗೆ ನೋವೇ ಗೊತ್ತಾಗಲಿಲ್ಲ, ಸದ್ದು ಮಾತ್ರ ಕೇಳಿಸಿತು. ಎರಡನೆಯದಕ್ಕೆ ಕಣ್ಣು ಕತ್ತಲಿಟ್ಟಿತು. ಬಲಗೈ ಬೆಂಚಿನ ಮೇಲೆ ತಡಕಾಡಿತು, ಲಾರಿಯ ಸ್ಟಾರ್ಟರಿನ ಒಳಗಿನ ಗುಂಡು ಕಬ್ಬಿಣ ಸಿಕ್ಕಿತು. ಅದನ್ನು ಅವನ ಭುಜದ ಮೇಲೆ ಇಳಿಸಿದಳು. ಕೊರಳೆಲುಬು ಕುಸಿದದ್ದು ಕೈಗೆ ತಿಳಿಯಿತು. ದೆಲ್ಚೊ ಬಿದ್ದ. ಬಿದ್ದವನ ಪಕ್ಕೆಗೆ ಇನ್ನೊಂದು ಕೊಟ್ಟಳು, ಮತ್ತೊಂದು ಕೊಟ್ಟಳು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದು ಸೊಂಟ ಹಿಡಿದು ಎಳೆಯದೇ ಹೋಗಿದ್ದರೆ ತಲೆಗೇ ಕೊಡುತ್ತಿದ್ದಳು.

ಮಾದನ್‌ಗೆ ಇದ್ದದ್ದು ಒಂದೇ ಆಂಬುಲೆನ್ಸ್. ಇಬ್ಬರನ್ನೂ ಅದರಲ್ಲೇ ಎದುರುಬದುರು ಹಾಕಿ ಸ್ಮೊಲ್ಯಾನ್ ಆಸ್ಪತ್ರೆಗೆ ಒಯ್ದರು.

"ಸಾಯಿ ಮುದುಕಿ!"

"ನೀನು ಮೊದಲು ಸಾಯೋ ಹಂದಿ! ನಾನು ನೋಡ್ಕೊಂಡು ಆಮೇಲೆ ಬರ್ತೀನಿ!"

"ಇಬ್ಬರೂ ಬಾಯಿ ಮುಚ್ಚಿ" ಎಂದಳು ನರ್ಸಮ್ಮ. "ಇಲ್ಲಾಂದ್ರೆ ಇಲ್ಲೇ ಇಳಿಸ್ತೀನಿ, ಹಿಮದಲ್ಲಿ ಹೊಡೆದಾಡ್ಕೊಳ್ಳಿ."

ಪೊಲೀಸಿನವನು ಆಸ್ಪತ್ರೆಗೆ ಬಂದು ಕೇಳಿದಾಗ ಮೆಟ್ಟಿಲಿಂದ ಬಿದ್ದೆ ಎಂದಳು ಮಿಂಕಾ. ಗಂಡಸರ ವಾರ್ಡಿನಲ್ಲಿ ದೆಲ್ಚೊ ಕೂಡ ಅದನ್ನೇ ಹೇಳಿದ. "ಒಳ್ಳೆ ಮೆಟ್ಟಿಲು" ಎಂದು ಬರೆದುಕೊಂಡು ಹೋದ ಪೊಲೀಸಿನವನು.

ಮೂರನೆಯ ದಿನ ಮಿಂಕಾ ಶೌಚಾಲಯಕ್ಕೆ ಹೋಗುವಾಗ ತೆರೆದ ಬಾಗಿಲೊಳಗೆ ಸೆವ್ದಾ ಮಲಗಿದ್ದು ಕಾಣಿಸಿತು. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಅವಳು ಅದನ್ನೇ ನೋಡುತ್ತಿದ್ದಳು, ಬೇರೆ ಯಾರದೋ ವಸ್ತುವನ್ನು ತನ್ನ ಹಾಸಿಗೆಯ ಮೇಲೆ ಬಿಟ್ಟುಹೋಗಿದ್ದಾರೆ ಎಂಬಂತೆ. ಮಿಂಕಾ ಒಳಗೆ ಹೋಗಲಿಲ್ಲ. ಶೌಚಾಲಯಕ್ಕೂ ಹೋಗದೆ ತನ್ನ ಹಾಸಿಗೆಗೆ ವಾಪಸಾದಳು.

ಊರಿಗೆ ಬಂದ ಮೇಲೆ ಅವಳು ಮೊದಲು ಹೋದದ್ದು ದೆಲ್ಚೊನ ಮನೆಗೆ. ಅವನು ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡು ಬಾಗಿಲು ತೆಗೆದ.

"ವ್ಯಾನ್ ಎಲ್ಲಿದೆ?"

"ಪೆತ್ಕೊ ಅಂಗಳದಲ್ಲಿ. ಯಾಕೆ? ಇನ್ನೂ ಏಟು ಬೇಕಾ ನಿಂಗೆ?"

"ಆಮೇಲೆ ಹೊಡಿ. ಈಗ ಬಂದು ನೋಡು."

ಯಾಕೋ ಅವನು ಬಂದ. ಬಹುಶಃ ಅವನಿಗೂ ಅನುಮಾನ ಹುಟ್ಟಿತ್ತು. ಪೆತ್ಕೊ ತೆಳ್ಳಗೆ ಉದ್ದಕ್ಕಿದ್ದ, ಮಾತಿನಲ್ಲಿ ಜೋರಿನ ಮೆಕ್ಯಾನಿಕ್. ಗೇಟಿನಲ್ಲೇ ಅಡ್ಡ ನಿಂತ.

"ಇವಳನ್ನ ಯಾಕೆ ಕರ್ಕೊಂಡು ಬಂದೆ? ನನ್ನ ಅಂಗಳಕ್ಕೆ ಇವಳು ಕಾಲಿಡೋ ಹಾಗಿಲ್ಲ."

ಮಿಂಕಾ ಪ್ಲಾಸ್ಟರ್ ಕಟ್ಟಿದ ಕೈಯನ್ನು ಅವನ ಎದೆಗೆ ಕೊಟ್ಟು ತಳ್ಳಿಕೊಂಡೇ ಒಳಗೆ ಹೋದಳು. ವ್ಯಾನಿನ ಪಕ್ಕೆಯೆಲ್ಲ ಚಿಂದಿಯಾಗಿದ್ದರೂ ಇಂಜಿನ್ ಇದ್ದಲ್ಲೇ ಇತ್ತು. ಯಾರೋ ಅದನ್ನು ಸೀಮೆಎಣ್ಣೆ ಹಾಕಿ ಚೊಕ್ಕವಾಗಿ ತೊಳೆದಿದ್ದರು. ಅದನ್ನು ನೋಡಿ ದೆಲ್ಚೊ ಭಾವನ ಮುಖ ನೋಡಿದ. ಮಿಂಕಾ ಬೇರೆ ಬ್ಯಾಟರಿ ಕಟ್ಟಿಸಿ ಇಂಜಿನ್ ಚಾಲೂ ಮಾಡಿಸಿದಳು. ಮೂವರೂ ನಿಂತು ನೋಡಿದರು. ಹತ್ತು ನಿಮಿಷ ಏನೂ ಇಲ್ಲ. ಪೆತ್ಕೊ ಸಿಗರೇಟು ಹಚ್ಚಿ, "ಎಲ್ಲಮ್ಮಾ ನಿನ್ನ ಎಣ್ಣೆ?" ಎಂದ. ಇಂಜಿನ್ ಕಾದ ಮೇಲೆ ಮೇಲಿನ ಮುಚ್ಚಳದ ಅಂಚಿನಲ್ಲಿ ಒಂದು ಕಪ್ಪು ಗೆರೆ ಮೂಡಿತು. ಗೆರೆ ದಪ್ಪವಾಯಿತು, ಇಳಿಯಿತು, ಹನಿಯಾಯಿತು. ಹನಿ ನೇರವಾಗಿ ಆಲ್ಟರ್ನೇಟರಿನ ಬೆನ್ನಿನ ಮೇಲೆ ಬಿತ್ತು. ಮತ್ತೊಂದು ಬಿತ್ತು. ಸುಟ್ಟ ಎಣ್ಣೆಯ ವಾಸನೆ ಮೇಲೆದ್ದಿತು.

ಮಿಂಕಾ ಸ್ಕ್ರೂಡ್ರೈವರ್ ತುದಿಯಲ್ಲಿ ಮುಚ್ಚಳದ ಸಂದಿಯನ್ನು ಕೆದಕಿದಳು. ಕೆಂಪಗಿನ ಪೇಸ್ಟು ದಾರದಂತೆ ಎಳೆದುಕೊಂಡು ಬಂತು. ಒಳಗೆ ಗ್ಯಾಸ್ಕೆಟ್ಟೇ ಇರಲಿಲ್ಲ.

"ಹೊಸ ಗ್ಯಾಸ್ಕೆಟ್ ಸೋಫಿಯಾದಿಂದ ಬರೋಕೆ ಹತ್ತು ದಿನ ಆಗ್ತಿತ್ತು" ಎಂದ ಪೆತ್ಕೊ. ದೆಲ್ಚೊನ ಕಡೆ ತಿರುಗಿದ. "ನೀನೇ ತಾನೇ ನಾಳೇನೇ ವ್ಯಾನ್ ಬೇಕು ಅಂತ ಕತ್ತಿನ ಮೇಲೆ ಕೂತಿದ್ದು? ಪೇಸ್ಟ್ ಹಚ್ಚಿದ್ರೆ ವರ್ಷ ಬರುತ್ತೆ ಅಂದ್ಕೊಂಡೆ."

ದೆಲ್ಚೊ ಸರಿಯಿದ್ದ ಕೈಯಲ್ಲಿ ಪೆತ್ಕೊನ ಬಾಯಿಗೆ ಗುದ್ದಿದ. ಸಿಗರೇಟೂ ಒಂದು ಹಲ್ಲೂ ಒಟ್ಟಿಗೆ ಹಿಮದ ಮೇಲೆ ಬಿದ್ದವು. ಕತ್ತಿನ ಪಟ್ಟಿ ಹಿಡಿದು ಎಳೆದುತಂದು ಅವನ ಮುಖವನ್ನು ಓಡುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿಸಿದ. ಹೊಗೆ ಹೋಗುವ ಕಾದ ಕಬ್ಬಿಣಕ್ಕೂ ಪೆತ್ಕೊನ ಕೆನ್ನೆಗೂ ನಡುವೆ ಒಂದು ಗೇಣಿತ್ತು, ಆಮೇಲೆ ನಾಲ್ಕು ಬೆರಳಿನಷ್ಟು ಉಳಿಯಿತು. ಪೆತ್ಕೊ ಕೋಳಿಯಂತೆ ಕಿರುಚುತ್ತಿದ್ದ. ಅವನ ಹುಬ್ಬಿನ ಕೂದಲು ಸುರುಟುತ್ತಿತ್ತು.

ಮಿಂಕಾ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಊರಿನ ಲೆಕ್ಕದಲ್ಲಿ ತಪ್ಪೆಲ್ಲ ಪೆತ್ಕೊನದಾಗುತ್ತಿತ್ತು. ಅವಳ ಹೆಸರು ತೊಳೆದುಹೋಗುತ್ತಿತ್ತು. ಅದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದ ಮೇಲೂ ಪ್ಲಾಸ್ಟರಿನ ಕೈಯನ್ನು ಆ ನಾಲ್ಕು ಬೆರಳಿನ ಸಂದಿಗೆ ತೂರಿಸಿದಳು. ಪ್ಲಾಸ್ಟರ್ ಸುಟ್ಟು ಕಂದಿತು.

"ಬಿಡು ಅವನನ್ನ. ನಂಗೂ ಗೊತ್ತಿತ್ತು."

"ಏನು ಗೊತ್ತಿತ್ತು?"

"ಎರಡು ಸಲ ನಿಂಗೆ ಹೇಳ್ದೆ. ಮೂರನೇ ಸಲ ಹೇಳ್ಲಿಲ್ಲ. ಹತ್ತು ದಿನ, ಹನ್ನೆರಡು ದಿನದಲ್ಲಿ ಸುಡುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಕೊಟ್ಟೆ. ನೀನು ಅಷ್ಟು ಜನದ ಮುಂದೆ ಅಂದ್ಯಲ್ಲ, ಅದಕ್ಕೆ. ಬೆಟ್ಟದ ಮೇಲೆ ನಿಂತುಕೊಂಡು ಒದ್ದಾಡ್ಲಿ ಅಂತ."

ದೆಲ್ಚೊನ ಕೈ ಸಡಿಲವಾಯಿತು. ಪೆತ್ಕೊ ಜಾರಿ ಕೆಳಗೆ ಕೂತು ಬಾಯಿಗೆ ಹಿಮ ಒತ್ತಿಕೊಂಡ. ಮಿಂಕಾ ಏಟಿಗೆ ಮೈ ಬಿಗಿಹಿಡಿದು ನಿಂತಳು. ಅವನು ಹೊಡೆಯಲಿಲ್ಲ. ಇಂಜಿನ್ ಆರಿಸಿ, ಅವಳ ಕಡೆ ತಿರುಗಿಯೂ ನೋಡದೆ ಗೇಟು ದಾಟಿ ಹೋದ. ಒಂಬತ್ತು ವರ್ಷ ಗಂಡನ ಕೈಯಲ್ಲಿ ತಿಂದ ಯಾವ ಏಟೂ ಅವಳಿಗೆ ಅಷ್ಟು ತಾಗಿರಲಿಲ್ಲ.

ಸೆವ್ದಾ ಮನೆಗೆ ಬಂದು ಮೂರು ವಾರ ಆದ ಮೇಲೆ, ಮಾರ್ಚಿನಲ್ಲಿ, ಮಿಂಕಾ ಅವಳ ಬಾಗಿಲು ತಟ್ಟಿದಳು. ಸೆವ್ದಾಳ ತಾಯಿ ಒಳಗೆ ಬಿಟ್ಟಳು. ಹಳೆ ಪರಿಚಯ, ಇಬ್ಬರೂ ಒಂದು ಕಾಲಕ್ಕೆ ಮೋಟಾರು ಕಾರ್ಖಾನೆಯಲ್ಲಿ ಪಕ್ಕಪಕ್ಕದ ಬೆಂಚಿನಲ್ಲಿ ಕೂತವರು. ಸೆವ್ದಾ ಮೇಜಿನ ಮುಂದೆ ಎಡಗೈಯಲ್ಲಿ ಕತ್ತರಿ ಹಿಡಿದು ಹಳೆಯ ಚಾದರವನ್ನು ಕತ್ತರಿಸುವ ಅಭ್ಯಾಸ ಮಾಡುತ್ತಿದ್ದಳು. ಗೆರೆ ಹಾವಿನಂತೆ ಹರಿದಿತ್ತು.

ಮಿಂಕಾ ಕೂರಲಿಲ್ಲ. ದೆಲ್ಚೊಗೆ ಹೇಳಿದ್ದನ್ನೇ ಹೇಳಿದಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ಸೆವ್ದಾಳ ಕತ್ತರಿ ಅರ್ಧ ಗೆರೆಯಲ್ಲಿ ನಿಂತಿತು.

"ಅವತ್ತು ಬೆಳಗ್ಗೆಯಿಂದ ಸ್ಟೀರಿಂಗ್ ಹತ್ರ ಆ ಕೆಂಪು ದೀಪ ಉರೀತಾ ಇತ್ತು" ಎಂದಳು. "ಬ್ಯಾಟರಿ ಚಿತ್ರ ಇರುತ್ತಲ್ಲ, ಅದು. ನಾನು ಅವನ ಹಿಂದೇನೇ ಕೂತಿದ್ದೆ. ಹೋಗ್ತಾ ಹೇಳ್ದೆ, ಬರ್ತಾನೂ ಹೇಳ್ದೆ. ದೆಲ್ಚೊ, ಆ ದೀಪ ಹತ್ತಿದೆ ನೋಡಪ್ಪ ಅಂತ. ಅವನು ಏನಂದ ಗೊತ್ತಾ ನಿಂಗೆ?"

"ಇಲ್ಲ."

"ಏನೂ ಆಗಲ್ಲ ಸುಮ್ನಿರು, ಬಲ್ಬ್ ಕೆಟ್ಟಿರ್ಬೇಕು, ಡೈನಮೋ ಮಿಂಕಕ್ಕ ಮೊನ್ನೆ ತಾನೇ ಮಾಡಿಕೊಟ್ಟಿದ್ದಾಳೆ ಅಂದ. ಅಷ್ಟು ಬೈದು, ಗಾಜು ಒಡೆದು, ಆಮೇಲೂ ನಿನ್ನನ್ನೇ ನಂಬಿದ್ದ ಆ ಕತ್ತೆ. ನಾನೂ ನಂಬ್ದೆ."

ಮಿಂಕಾ ಬಾಯಿ ತೆರೆದಳು. ಮಾತು ಬರುವ ಮೊದಲೇ ಸೆವ್ದಾ ಕತ್ತರಿಯನ್ನು ಬೀಸಿ ಎಸೆದಳು. ಎಡಗೈಗೆ ಇನ್ನೂ ಗುರಿ ಕೂತಿರಲಿಲ್ಲ. ಅದು ಮಿಂಕಾಳ ಹುಬ್ಬನ್ನು ಸೀಳಿಕೊಂಡು ಹೋಗಿ ಬಾಗಿಲ ಚೌಕಟ್ಟಿಗೆ ಬಡಿದು ಬಿತ್ತು. ತಾಯಿ ಚೀರಿದಳು. ರಕ್ತ ಮಿಂಕಾಳ ಒಂದು ಕಣ್ಣನ್ನು ಪೂರ್ತಿ ಮುಚ್ಚಿತು. ಅವಳು ಬಗ್ಗಿ ಕತ್ತರಿಯನ್ನು ತಡಕಿ ಎತ್ತಿ, ಹಿಡಿ ಸೆವ್ದಾಳ ಕಡೆಗೆ ಬರುವಂತೆ ಮೇಜಿನ ಮೇಲಿಟ್ಟಳು.

"ಹೋಗು" ಎಂದಳು ಸೆವ್ದಾ. "ಇನ್ನೊಂದು ಸಲ ಎಸೆದ್ರೆ ಗುರಿ ತಪ್ಪಲ್ಲ."

ಮಿಂಕಾ ಹೋದಳು. ತಾಯಿ ಮೆಟ್ಟಿಲ ತನಕ ಬಂದು ಒದ್ದೆ ಬಟ್ಟೆ ಕೈಗಿತ್ತಳು.

ಬೇಸಿಗೆಯಲ್ಲಿ ಸ್ಮೊಲ್ಯಾನ್ ಕೋರ್ಟಿನಲ್ಲಿ ಅಪಘಾತದ ಕೇಸು ನಡೆಯಿತು. ಮಿಂಕಾಳನ್ನು ಯಾರೂ ಕರೆದಿರಲಿಲ್ಲ. ತಾನೇ ಹೋಗಿ ಸಾಕ್ಷಿಯ ಕಟ್ಟೆ ಹತ್ತಿದಳು. ಗೊತ್ತಿತ್ತೇ ಎಂದು ನ್ಯಾಯಾಧೀಶರು ಎರಡು ಸಲ ಕೇಳಿದರು. ಗೊತ್ತಿತ್ತು ಎಂದು ಎರಡು ಸಲ ಹೇಳಿದಳು. ಕೋರ್ಟು ಮೂವರ ಮೇಲೂ ಹೊಣೆ ಹೊರಿಸಿತು. ದೆಲ್ಚೊನ ಲೈಸೆನ್ಸ್ ಹೋಯಿತು, ಪೆತ್ಕೊನ ಗ್ಯಾರೇಜು ಮುಚ್ಚಿತು. ಮಿಂಕಾ ತನ್ನ ಅಪ್ಪನ ಕಾಲದ ತೋಟ ಮಾರಿ ತನ್ನ ಪಾಲನ್ನು ಸೆವ್ದಾಗೆ ಕಟ್ಟಿದಳು. ಸೆವ್ದಾ ಈಗ ಅದೇ ಕಾರ್ಖಾನೆಯಲ್ಲಿ ಬಟ್ಟೆ ಎಣಿಸಿ ಪೆಟ್ಟಿಗೆಗೆ ತುಂಬುವ ಕಡೆ ಇದ್ದಾಳೆ. ದಿನಾ ಶೆಡ್ಡಿನ ಮುಂದಿಂದಲೇ ಬಸ್ಸಿಗೆ ಹೋಗುತ್ತಾಳೆ. ಮಾತಿಲ್ಲ.

ಮಿಂಕಾಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಒಂದು ದಿನದ ಕಾಯಿಲ್ ಸುತ್ತಲು ಎರಡು ದಿನ ಹಿಡಿಯುತ್ತದೆ. ಕೆಟ್ಟ ಆಲ್ಟರ್ನೇಟರನ್ನು ಮಾತ್ರ ಬಿಚ್ಚಿ ತಂದರೆ ಅವಳು ಮುಟ್ಟುವುದಿಲ್ಲ. ವಾಹನವೇ ಬಾಗಿಲಿಗೆ ಬರಬೇಕು, ಬಾನೆಟ್ಟು ತೆರೆದು ಇಂಜಿನ್ ಕಾಯಿಸಿ ಅವಳು ನೋಡಬೇಕು. ಹೋದ ವಾರ ಎಣ್ಣೆ ಸೋರುವ ಜೀಪು ತಂದು "ಸುಮ್ನೆ ಮಾಡಿಕೊಡಮ್ಮ, ನನ್ನ ಹೊಣೆ" ಎಂದವನನ್ನು ಕಬ್ಬಿಣದ ಸರಳು ಹಿಡಿದು ಬಸ್ ನಿಲ್ದಾಣದ ತನಕ ಅಟ್ಟಿಸಿಕೊಂಡು ಹೋಗಿದ್ದಳು. ಸಿಟ್ಟೇನೂ ಇಳಿದಿಲ್ಲ.

ದೆಲ್ಚೊ ಪುರಸಭೆಯ ಲಾರಿಯಲ್ಲಿ ರಸ್ತೆಗೆ ಉಪ್ಪು ಮರಳು ಎರಚುವ ಕೂಲಿಗೆ ಸೇರಿದ್ದಾನೆ. ಈ ಚಳಿಗಾಲದಲ್ಲಿ ಆ ಲಾರಿಯ ಆಲ್ಟರ್ನೇಟರೂ ಕೆಟ್ಟಿತು. ಊರಲ್ಲಿ ಅದನ್ನು ಮಾಡುವವರು ಬೇರೆ ಯಾರೂ ಇಲ್ಲ. ಡ್ರೈವರ್ ಕಾಫಿಗೆ ಹೋದ. ದೆಲ್ಚೊ ಇಳಿದು ಬಾನೆಟ್ಟು ಎತ್ತಿ ಹಿಡಿದು ನಿಂತ. ಮಿಂಕಾ ಕೈಯಲ್ಲಿ ದೀಪ ಹಿಡಿದು ಬಗ್ಗಿದಳು. ಅವನೂ ಬಗ್ಗಿದ. ಇಂಜಿನ್ ಕಾಯುವ ತನಕ ಇಬ್ಬರೂ ಮೇಲಿನ ಮುಚ್ಚಳದ ಒಂದೇ ಅಂಚನ್ನು ದಿಟ್ಟಿಸಿ ನೋಡಿದರು.

"ಒಣಗೇ ಇದೆ" ಎಂದಳು ಅವಳು.

"ಇನ್ನೂ ಸ್ವಲ್ಪ ಹೊತ್ತು ನೋಡು" ಎಂದ ದೆಲ್ಚೊ.